ಯಾರ ಪೂರ್ವಜರು ಸ್ವಾಮಿ?

ಪೋಸ್ಟ್ ಉದ್ದ ಇದೆ. ಜಿಮ್ಮಿಗೆ ಹೋಗೋ ನಮ್ಮ ಹುಡುಗರು, ಹುಡುಗಿಯರು ದಯವಿಟ್ಟು ಪೂರ್ತಿ ಓದಿ.

ಕಳೆದ ತಿಂಗಳು ನನ್ನ ಅಕ್ಕನ ಮಗ ನಾಲ್ಕು ದಿನ ಆಸ್ಪತ್ರೆಯಲ್ಲಿದ್ದ. ವಯಸ್ಸು 23. ಬೆಂಗಳೂರಿನ ಹೊರಗಿರೋ ಒಂದು ಗೋದಾಮಿನಲ್ಲಿ ಕೆಲಸ. ದಿನಕ್ಕೆ 10 ಗಂಟೆ ಬಗ್ಗೋದು, ಎತ್ತೋದು, ಇಳಿಸೋದು. ಮೇಲೆ ತಗಡಿನ ಸೂರು, ಬೇಸಿಗೆ. ಶಿಫ್ಟ್ ಮುಗಿಸಿ ನೇರ ಜಿಮ್ಮಿಗೆ ಹೋಗ್ತಿದ್ದ. ಅಲ್ಲಿಯ ಟ್ರೈನರ್ ಒಂದು ಚಾರ್ಟ್ ಕೊಟ್ಟಿದ್ದ. 'ಪೂರ್ವಜರ ಆಹಾರ' ಅಂತ ಅದರ ಹೆಸರು. ಅನ್ನ ಬಿಡು, ಮುದ್ದೆ ಬಿಡು, ಕಾಳು ಬೇಳೆ ಬಿಡು. ಮಧ್ಯಾಹ್ನದವರೆಗೆ ಏನೂ ಮುಟ್ಟಬೇಡ, ಯಾಕಂದ್ರೆ ಆದಿಮಾನವ ಬೇಟೆ ಸಿಗೋವರೆಗೂ ಹಸಿದುಕೊಂಡೇ ಓಡ್ತಿದ್ದ. ಆಮೇಲೆ ಮಾಂಸ, ಮೂಳೆ ಸೂಪು, ಲಿವರ್, ತುಪ್ಪ, ಬಾದಾಮಿ ತಿನ್ನು. ಜೊತೆಗೆ ವಾರಕ್ಕೆ ಐದು ದಿನ ಹೈ ಇಂಟೆನ್ಸಿಟಿ ವರ್ಕೌಟ್.

ಆ ಚಾರ್ಟಿನಲ್ಲಿ 'ತಿನ್ನು' ಅಂತ ಇದ್ದದ್ದಕ್ಕೆಲ್ಲ ದುಡ್ಡು ಬೇಕು. 'ಬಿಡು' ಅಂತ ಇದ್ದದ್ದಕ್ಕೆ ಬೇಡ. ಹಾಗಾಗಿ ನಮ್ಮ ಹುಡುಗ ಬಿಡೋದನ್ನ ಮಾತ್ರ ನಿಷ್ಠೆಯಿಂದ ಪಾಲಿಸಿದ.

ಮೂರನೇ ವಾರ ಒಂದು ಸಂಜೆ ಹೆಗಲ ಮೇಲೆ ಮರಳಿನ ಚೀಲ ಇಟ್ಟು ನೂರಾರು ಬಸ್ಕಿ ಹೊಡೆಸಿದ್ದಾರೆ. ಎರಡು ದಿನಕ್ಕೆ ತೊಡೆ ಊದಿಕೊಂಡು ಕಲ್ಲಾಯ್ತು, ಮೆಟ್ಟಿಲು ಇಳಿಯೋಕೆ ಆಗ್ತಿಲ್ಲ. ಮೂತ್ರ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಿತು. ಜೊತೆಯ ಹುಡುಗರು ಹೆದರಿ ಆಸ್ಪತ್ರೆಗೆ ಸೇರಿಸಿದರು. ಡಾಕ್ಟರ್ ಹೇಳಿದ ಹೆಸರು ರ್‍ಯಾಬ್ಡೋಮಯೊಲಿಸಿಸ್. ಅಳತೆ ಮೀರಿ ದುಡಿದ ಸ್ನಾಯು ಒಡೆದು, ಅದರೊಳಗಿನ ಪದಾರ್ಥ ರಕ್ತಕ್ಕೆ ಸೇರಿ, ಸೋಸೋಕೆ ಹೋದ ಕಿಡ್ನಿಯನ್ನೇ ಕೆಡಿಸೋ ಕಾಯಿಲೆ. ನೀರು ಕಡಿಮೆಯಾಗಿ, ಸೆಕೆಯೂ ಸೇರಿದರೆ ಇನ್ನೂ ಬೇಗ ಬರುತ್ತೆ. ಸಮಯಕ್ಕೆ ಡ್ರಿಪ್ ಹಾಕಿದ್ದರಿಂದ ಕಿಡ್ನಿ ಉಳೀತು.

ಆಸ್ಪತ್ರೆ ವರಾಂಡದಲ್ಲಿ ಅಕ್ಕ ನನ್ನ ಕೇಳಿದ್ದು ಒಂದೇ ಮಾತು: "ಅಲ್ಲ ಕಣ್ಲಾ, ನಮ್ಮಪ್ಪ ದುಡ್ಡು ಇಸ್ಕೊಂಡು ಮೂಟೆ ಹೊರ್ತಿದ್ದ. ಇವ್ನು ದುಡ್ಡು ಕೊಟ್ಟು ಮೂಟೆ ಹೊರೋಕೆ ಹೋಗವ್ನಲ್ಲೋ, ಇದೇನ್ಲಾ ಇದು?"

ನನ್ನ ಹತ್ರ ಉತ್ತರ ಇರಲಿಲ್ಲ. ಆಮೇಲೆ ಅವನನ್ನು ನೋಡೋಕೆ ಬಂದ ಹುಡುಗರೆಲ್ಲ ಒಂದೊಂದು ಪ್ರಶ್ನೆ ಕೇಳಿದರು. ಎಲ್ಲರದ್ದೂ ಹೆಚ್ಚುಕಮ್ಮಿ ಅವೇ ಪ್ರಶ್ನೆ. ಮನೆಗೆ ಬಂದು ಓದಿ, ಡಾಕ್ಟರ್ ಗೆಳೆಯರನ್ನ ಕೇಳಿ, ನನ್ನ ಸಿಟ್ಟನ್ನೂ ಸೇರಿಸಿ ಬರೀತಿದ್ದೀನಿ.

*ಪ್ರಶ್ನೆ 1: ಪೂರ್ವಜರ ಹಾಗೆ ತಿಂದ್ರೆ ಆರೋಗ್ಯ ಚೆನ್ನಾಗಿರುತ್ತೆ ಅಂತಾರಲ್ಲ ಅಣ್ಣ, ನಿಜವಾ?*

ಮೊದಲು ನಾನೊಂದು ಪ್ರಶ್ನೆ ಕೇಳ್ತೀನಿ. ಯಾರ ಪೂರ್ವಜರು?

ಈ ವಾದ ಹುಟ್ಟಿದ್ದು ಅಮೆರಿಕದಲ್ಲಿ. 1985ರಲ್ಲಿ ಈಟನ್ ಮತ್ತು ಕಾನರ್ ಎಂಬ ಇಬ್ಬರು ಶಿಲಾಯುಗದ ಮನುಷ್ಯನ ಆಹಾರದ ಬಗ್ಗೆ ವೈದ್ಯಕೀಯ ಪತ್ರಿಕೆಯಲ್ಲಿ ಬರೆದರು. 2002ರಲ್ಲಿ ಲೊರೆನ್ ಕಾರ್ಡೇನ್ 'ದಿ ಪೇಲಿಯೋ ಡಯಟ್' ಪುಸ್ತಕ ತಂದರು. ಬೇಸಾಯ ಬಂದು ಸುಮಾರು 10,000 ವರ್ಷ ಮಾತ್ರ ಆಗಿದೆ, ನಮ್ಮ ದೇಹ ಇನ್ನೂ ಅದಕ್ಕೆ ಹೊಂದಿಕೊಂಡಿಲ್ಲ, ಅದಕ್ಕೆ ಧಾನ್ಯ, ಕಾಳು, ಹಾಲು ಬಿಡಿ ಅನ್ನೋದು ಇದರ ಸಾರ. ಆದ್ರೆ ಇಟಲಿಯಲ್ಲಿ 30,000 ವರ್ಷ ಹಳೆಯ ಬೀಸುವ ಕಲ್ಲುಗಳ ಮೇಲೆ ಪಿಷ್ಟದ ಕಣಗಳು ಸಿಕ್ಕಿವೆ. ಬೇಸಾಯಕ್ಕೂ ಎಷ್ಟೋ ಮುಂಚೆನೇ ಮನುಷ್ಯ ಗಡ್ಡೆ, ಬೀಜ ಅರೆದು ತಿಂತಿದ್ದ. ಕಾಡಿದ್ದ ಕಡೆ ಒಂದು ಊಟ, ಕಡಲಿದ್ದ ಕಡೆ ಒಂದು ಊಟ, ಹಿಮ ಇದ್ದ ಕಡೆ ಇನ್ನೊಂದು. 'ಪೂರ್ವಜರ ಊಟ' ಅಂತ ಒಂದೇ ಒಂದು ತಟ್ಟೆ ಎಲ್ಲೂ ಇರಲಿಲ್ಲ.

ನಮ್ಮ ಕರ್ನಾಟಕಕ್ಕೇ ಬನ್ನಿ. ಸುರಪುರ ಸೀಮೆಯ ಬೂದಿಹಾಳದಲ್ಲಿ ಉತ್ಖನನ ಮಾಡಿದಾಗ ಸುಮಾರು 4000 ವರ್ಷ ಹಿಂದಿನ ದನಗಾಹಿಗಳ ನೆಲೆ ಸಿಕ್ಕಿತು. ಸಗಣಿ ಸುಟ್ಟ ಬೂದಿಯ ದಿಬ್ಬದ ಜೊತೆ ದನ ಕಡಿದು ಪಾಲು ಮಾಡ್ತಿದ್ದ ಜಾಗವೂ ಸಿಕ್ಕಿತು. ಬಳ್ಳಾರಿ ಪಕ್ಕದ ಸಂಗನಕಲ್ಲಿನ ಕಡೆ ಆ ಕಾಲದ ಹುರುಳಿ, ಹೆಸರು, ಕೊರಲೆ ಸಿಕ್ಕಿವೆ. ಅಂದ್ರೆ ಈ ನೆಲದ ಪೂರ್ವಜರ ಊಟ ಏನಪ್ಪಾ ಅಂದ್ರೆ ದನದ ಬಾಡು, ಹುರುಳಿ ಕಾಳು, ಕಿರುಧಾನ್ಯ. ಹಾಕ್ತೀರಾ ಇದನ್ನ ನಿಮ್ಮ ಚಾರ್ಟಿಗೆ? ಮೊದಲನೇದಕ್ಕೆ ಪೊಲೀಸರು ಬರ್ತಾರೆ. ಮಿಕ್ಕ ಎರಡನ್ನ 'ಬಿಡು' ಅಂತ ನೀವೇ ಬರೆದಿದ್ದೀರಿ.

ಇನ್ನೊಂದು ವಿಷಯ. ನಾವು 'ನಮ್ಮದು' ಅಂತ ಎದೆ ತಟ್ಟಿಕೊಳ್ಳೋ ರಾಗಿ ಬಂದದ್ದು ಪೂರ್ವ ಆಫ್ರಿಕಾದಿಂದ. ಸಾರಿಗೆ ಹಾಕೋ ಮೆಣಸಿನಕಾಯಿ, ಟೊಮ್ಯಾಟೊ ಅಮೆರಿಕ ಖಂಡದಿಂದ. ಹೊರಗಿಂದ ಬಂದವು ಅಂತ ಅವು ನಮ್ಮ ಹೊಟ್ಟೆಗೆ ಮೋಸ ಮಾಡಲಿಲ್ಲ. 'ಶುದ್ಧ', 'ಮೂಲ', 'ಪೂರ್ವಜ' ಅನ್ನೋ ಪದ ಕೇಳಿದ ತಕ್ಷಣ ನಾವು ಕಿವಿ ನಿಮಿರಿಸಬೇಕು. ಈ ದೇಶದಲ್ಲಿ ಆ ಪದಗಳು ನಮ್ಮ ತಲೆ ಮೇಲೆ ಏನೇನು ಮಾಡಿವೆ ಅಂತ ಬೇರೆಯವರಿಗಿಂತ ಚೆನ್ನಾಗಿ ನಮಗೇ ಗೊತ್ತು.

ಅದರಲ್ಲಿ ಸತ್ಯ ಇಲ್ಲವೇ ಇಲ್ಲ ಅಂತ ಹೇಳ್ತಿಲ್ಲ. ಪ್ಯಾಕೆಟ್ ತಿಂಡಿ, ಸಕ್ಕರೆ ನೀರಿನ ಬಾಟ್ಲಿ, ಕರಿದದ್ದು ಕಡಿಮೆ ಮಾಡು ಅಂದ್ರೆ ಸರಿಯಾದ ಮಾತು. ಆದ್ರೆ ಅಷ್ಟು ಹೇಳೋಕೆ ಆದಿಮಾನವ ಯಾಕೆ ಬೇಕು? ಅಂಗನವಾಡಿ ಅಕ್ಕ ಸಾಕು.

*ಪ್ರಶ್ನೆ 2: ಬೋಟಿ, ಈಲಿ, ಮೂಳೆ ಸಾರು ನಮ್ಮ ಊಟ ಅಲ್ವಾ? ಈಗ ಎಲ್ರೂ ತಿಂತಿದ್ದಾರೆ. ನಮಗೆ ಹೆಮ್ಮೆ ಆಗಬೇಕಲ್ವಾ?*

ನಮ್ಮ ಕೇರಿಯಲ್ಲಿ ಗುಡ್ಡೆ ಬಾಡು ಪಾಲು ಹಾಕಿದ ದಿನ ನನಗೆ ಈಗಲೂ ನೆನಪಿದೆ. ಮುತ್ತುಗದ ಎಲೆ ಮೇಲೆ ಒಂದೊಂದು ಗುಡ್ಡೆ. ಎಲ್ಲ ಗುಡ್ಡೆಯಲ್ಲೂ ಒಂದು ತುಂಡು ಈಲಿ, ಒಂದಿಷ್ಟು ಬೋಟಿ, ಒಂದು ಮೂಳೆ ಇರಲೇಬೇಕು. ಇಲ್ಲದಿದ್ದರೆ ಜಗಳ. ಅವ್ವ ಮೂಳೆಯನ್ನ ಮೂರು ಸಲ ಬೇಯಿಸ್ತಿದ್ದಳು. ಮಿಕ್ಕಿದ್ದು ಉಪ್ಪುಖಂಡವಾಗಿ ಸೂರಿನ ಕೆಳಗೆ ಒಣಗ್ತಿತ್ತು. ಮಾರನೇ ದಿನ ಸ್ಕೂಲಲ್ಲಿ ನಾನು ಬಾಯಿ ಮುಚ್ಚಿಕೊಂಡು ಕೂರ್ತಿದ್ದೆ. ವಾಸನೆ ಬರುತ್ತೆ ಅಂತ ಪಕ್ಕದವನು ದೂರ ಸರಿದು ಕೂತದ್ದನ್ನ ಒಮ್ಮೆ ನೋಡಿದ್ದೆ. ಒಮ್ಮೆ ನೋಡಿದ್ದೇ ಸಾಕಾಗಿತ್ತು.

ಈಗ ಅದೇ ಮೂಳೆ ನೀರನ್ನ 'ಬೋನ್ ಬ್ರಾತ್' ಅಂತ ಗಾಜಿನ ಬಾಟ್ಲಿಗೆ ತುಂಬಿ ಮಾರ್ತಾರೆ. ನೆಣವನ್ನ 'ಟ್ಯಾಲೋ' ಅಂತ ಮುಖಕ್ಕೆ ಹಚ್ಚಿಕೊಳ್ತಾರೆ. ಅಮೆರಿಕದ 'ಲಿವರ್ ಕಿಂಗ್' ಹಸಿ ಲಿವರ್ ತಿಂದು ತೋರಿಸಿ, ಪೂರ್ವಜರ ಜೀವನ ನಡೆಸಿದ್ದಕ್ಕೇ ಈ ಮೈಕಟ್ಟು ಬಂತು ಅಂತ ಲಕ್ಷಾಂತರ ಜನರನ್ನ ನಂಬಿಸಿದ. 2022ರ ಡಿಸೆಂಬರಿನಲ್ಲಿ, ಸ್ಟೆರಾಯ್ಡ್ ತಗೊಳ್ತಿದ್ದೆ ಅಂತ ತಾನೇ ಒಪ್ಪಿಕೊಂಡ. ಅವನ ರೀಲು ನೋಡಿದ ನಮ್ಮ ಹುಡುಗರಿಗೆ ಈ ಎರಡನೇ ಸುದ್ದಿ ತಲುಪಲೇ ಇಲ್ಲ.

ನನ್ನ ತಕರಾರು ಅವರು ತಿಂತಾರೆ ಅಂತ ಅಲ್ಲ. ತಿನ್ನಲಿ, ರುಚಿ ಗೊತ್ತಾಗಲಿ. ಆದ್ರೆ ಅದೇ ಬೆಂಗಳೂರಿನಲ್ಲಿ ನನ್ನ ಅಳಿಯ ಬಾಡಿಗೆ ಮನೆ ಹುಡುಕುವಾಗ ಮೊದಲ ಪ್ರಶ್ನೆ 'ನಾನ್‌ವೆಜ್ಜಾ?' ಎರಡನೇ ಪ್ರಶ್ನೆ 'ಯಾವ ಜನ?' ಮೊದಲನೇದು ಎರಡನೇದನ್ನ ಕೇಳೋಕೆ ಇರೋ ಮರ್ಯಾದಸ್ತ ದಾರಿ, ಅಷ್ಟೇ. ಒಂದೇ ಮೂಳೆ ಅಪಾರ್ಟ್‌ಮೆಂಟಿನ ಬಾಗಿಲಿಗೆ ಬಂದ್ರೆ ಆರೋಗ್ಯ, ನಮ್ಮ ಸ್ಟೌ ಮೇಲೆ ಬೆಂದ್ರೆ ಮನೆ ಖಾಲಿ ಮಾಡು.

ಕಾನೂನು ನೋಡಿ. 1964ರ ಕಾಯ್ದೆಯಲ್ಲಿ ವಯಸ್ಸಾದ ಎತ್ತು, ಹೋರಿಗಾದರೂ ಅವಕಾಶ ಇತ್ತು. 2020ರ ಕಾಯ್ದೆ ಅದನ್ನೂ ಕಿತ್ತುಕೊಂಡಿತು. ಈಗ 13 ವರ್ಷ ದಾಟಿದ ಎಮ್ಮೆ, ಕೋಣ ಬಿಟ್ಟರೆ ಎಲ್ಲವೂ ಅಪರಾಧ. ಶಿಕ್ಷೆ 3ರಿಂದ 7 ವರ್ಷ ಜೈಲು, ಮೊದಲ ಸಲಕ್ಕೇ 50,000ದಿಂದ 5 ಲಕ್ಷದವರೆಗೆ ದಂಡ. ಕೆ.ಜಿ.ಗೆ 800 ರೂಪಾಯಿ ಹತ್ತಿರ ಕೊಟ್ಟು ಕುರಿ ಮಾಂಸ ತರೋಕಾಗದ ಮನೆಗಳಿಗೆ ಇದ್ದ ಕಡಿಮೆ ಬೆಲೆಯ ಪ್ರೋಟೀನು, ಕಬ್ಬಿಣಾಂಶ ಇದು. ಅದನ್ನ ಕಾನೂನು ಮಾಡಿ ಕಿತ್ಕೊಂಡ ಮೇಲೆ 'ಪೂರ್ವಜರ ಹಾಗೆ ಮಾಂಸ ತಿನ್ನಿ' ಅಂತ ನಮಗೆ ಬುದ್ಧಿ ಹೇಳ್ತೀರಾ?

ಆದ್ರೆ ಹೆಮ್ಮೆಯ ಪ್ರಶ್ನೆಗೆ ನಮ್ಮವರಿಗೂ ಒಂದು ಮಾತು ಹೇಳಬೇಕು. ಬಾಬಾಸಾಹೇಬರು 1927ರಲ್ಲಿ ಮಹಾಡ್‌ನಲ್ಲಿ ನಮ್ಮ ಜನಕ್ಕೆ ಹೇಳಿದ್ದೇನು? ಸತ್ತ ದನದ ಮಾಂಸ ತಿನ್ನೋದು ಬಿಡಿ, ಎಂಜಲು ತಗೊಳ್ಳೋದು ಬಿಡಿ ಅಂತ. ಅದೇ ಬಾಬಾಸಾಹೇಬರು 1948ರಲ್ಲಿ ಅಸ್ಪೃಶ್ಯತೆಯ ಮೂಲದ ಬಗ್ಗೆ ಪುಸ್ತಕ ಬರೆದು, ಗೋಮಾಂಸಕ್ಕೂ ಅಸ್ಪೃಶ್ಯತೆಗೂ ಇರೋ ಸಂಬಂಧವನ್ನ ಬಿಡಿಸಿಟ್ಟರು. ಎರಡನ್ನೂ ಒಟ್ಟಿಗೆ ಓದಬೇಕು. ಹೇರಿದ ಊಟವನ್ನ ಬಿಡೋ ಹಕ್ಕೂ ನಮ್ಮದು, ಇಷ್ಟದ ಊಟವನ್ನ ತಿನ್ನೋ ಹಕ್ಕೂ ನಮ್ಮದು. ಮರಾಠಿಯ ಶಾಹು ಪಾಟೋಳೆ ಮಹಾರ್, ಮಾಂಗ್ ಮನೆಗಳ ಅಡುಗೆ ಬಗ್ಗೆ ಪುಸ್ತಕ ಬರೆದು ಅದನ್ನ ದಾಖಲಿಸಿದ್ದಾರೆ. ಕನ್ನಡದಲ್ಲಿ ನಮ್ಮ ಅವ್ವಂದಿರ ಅಡುಗೆಯನ್ನ ಹಾಗೆ ಕೂತು ಬರೆಯೋರು ಬೇಕು. ಬರೆಯುವಾಗ ಒಂದನ್ನ ಮರೀಬೇಡಿ. ಅವ್ವ ಮೂಳೆಯನ್ನ ಮೂರು ಸಲ ಬೇಯಿಸಿದ್ದು ಖನಿಜ ಇಳೀಲಿ ಅಂತಲ್ಲ. ಮನೇಲಿ ಬೇರೇನೂ ಇರಲಿಲ್ಲ.

*ಪ್ರಶ್ನೆ 3: ಮಧ್ಯಾಹ್ನದವರೆಗೆ ಉಪವಾಸ ಇದ್ರೆ ಒಳ್ಳೇದಂತೆ?*

ಹೊಟ್ಟೆ ತುಂಬಿದವರು ಬಿಡೋದು ಉಪವಾಸ. ಇಲ್ಲದವರು ಇರೋದು ಹಸಿವು. ಎರಡಕ್ಕೂ ಒಂದೇ ಹೆಸರು ಇಡಬೇಡಿ.

ತೂಕ ಜಾಸ್ತಿ ಇದ್ದು, ಎಸಿಯಲ್ಲಿ ಕೂತು ಕೆಲಸ ಮಾಡೋರಿಗೆ ಊಟದ ಹೊತ್ತು ಮಿತಿ ಮಾಡೋದರಿಂದ ಅನುಕೂಲ ಆಗಬಹುದು. ಬೆಳಿಗ್ಗೆ 6ಕ್ಕೆ ಮೂಟೆ ಎತ್ತೋಕೆ ನಿಂತವನಿಗೆ, ರಕ್ತಹೀನತೆ ಇರೋ ಹೆಣ್ಣುಮಗಳಿಗೆ, ಸಕ್ಕರೆ ಕಾಯಿಲೆಗೆ ಮಾತ್ರೆ ತಗೊಳ್ಳೋರಿಗೆ ಅದು ಅಪಾಯ. ಐದನೇ ಸುತ್ತಿನ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಸುಮಾರು 48 ಶೇಕಡ ಜನಕ್ಕೆ ರಕ್ತಹೀನತೆ ಇದೆ. ಐದು ವರ್ಷದೊಳಗಿನ ಮಕ್ಕಳಲ್ಲಿ 65 ಶೇಕಡ ದಾಟಿದೆ. ಮೂರರಲ್ಲಿ ಒಂದಕ್ಕಿಂತ ಹೆಚ್ಚು ಮಕ್ಕಳು ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ. ಇಂಥ ನಾಡಿನಲ್ಲಿ ಹಸಿದಿರೋದನ್ನ ಸಾಧನೆ ಅಂತ ಮಾರೋಕೆ ನಾಚಿಕೆ ಬೇಡವಾ?

ಇಲ್ಲಿ ನಮ್ಮ ಮನೆಗಳ ಬಗ್ಗೆಯೂ ಹೇಳ್ತೀನಿ, ಬೇಜಾರಾದ್ರೆ ಆಗಲಿ. ನಮ್ಮ ಕೇರಿಯಲ್ಲೂ ಈಲಿ ತುಂಡು ಮೊದಲು ಬೀಳ್ತಿದ್ದದ್ದು ಗಂಡಸರ ತಟ್ಟೆಗೆ. ರಕ್ತ ಅತಿ ಹೆಚ್ಚು ಬೇಕಿದ್ದ ಅವ್ವನಿಗೆ ಉಳಿದದ್ದು ಬಗ್ಗಡ ಸಾರು. ನನ್ನ ಅಕ್ಕ ಬಾಣಂತಿ ಆಗಿದ್ದಾಗಲೂ ಹಾಗೇ ಆಯ್ತು, ನಾನು ನೋಡ್ಕೊಂಡು ಸುಮ್ಮನೆ ಉಂಡೆ. ಬೀಫ್ ಹಕ್ಕಿನ ಭಾಷಣ ಮಾಡಿ ಮನೆಗೆ ಹೋಗೋ ನಾವು, ಮನೇಲಿ ಯಾರು ಕೊನೆಗೆ ಉಣ್ಣೋದು ಅಂತ ಒಮ್ಮೆ ತಿರುಗಿ ನೋಡಬೇಕು.

*ಪ್ರಶ್ನೆ 4: ಹೈ ಇಂಟೆನ್ಸಿಟಿ ವರ್ಕೌಟ್ ಒಳ್ಳೇದಾ, ಕೆಟ್ಟದ್ದಾ?*

ಒಳ್ಳೇದೇ. ಆದ್ರೆ ಯಾರಿಗೆ, ಎಷ್ಟು, ಯಾವ ಊಟದ ಮೇಲೆ, ಎಷ್ಟು ನಿದ್ದೆ ಮೇಲೆ ಅನ್ನೋದು ಮುಖ್ಯ.

20 ಸೆಕೆಂಡ್ ಜೀವ ಬಿಟ್ಟು ಮಾಡು, 10 ಸೆಕೆಂಡ್ ನಿಲ್ಲಿಸು ಅನ್ನೋ 'ತಬಾಟ' ಪದ್ಧತಿಯನ್ನ ಜಪಾನಿನ ಇಜುಮಿ ತಬಾಟ ಪರೀಕ್ಷೆ ಮಾಡಿ 1996ರಲ್ಲಿ ಪ್ರಕಟಿಸಿದರು. ಮೂಲದಲ್ಲಿ ಅದು ಐಸ್ ಮೇಲೆ ಸ್ಕೇಟ್ ಮಾಡೋ ಕ್ರೀಡಾಪಟುಗಳ ತರಬೇತಿ. ಪರೀಕ್ಷೆಗೆ ಒಳಗಾದವರೂ ಮೊದಲೇ ಪಳಗಿದ ಯುವಕರು, ಸರಿಯಾಗಿ ತಿಂದು ಮಲಗೋರು. 10 ಗಂಟೆ ಶಿಫ್ಟ್ ಮುಗಿಸಿ ಬಂದವರಲ್ಲ.

2000ದಲ್ಲಿ ಶುರುವಾದ 'ಕ್ರಾಸ್‌ಫಿಟ್' ಇಂಥ ವರ್ಕೌಟನ್ನ ಜಗತ್ತಿಗೆಲ್ಲ ಹಂಚಿತು, ಪೇಲಿಯೋ ಊಟವನ್ನೂ ಜನಪ್ರಿಯ ಮಾಡಿತು. 2020ರ ಜೂನ್‌ನಲ್ಲಿ, ಜಾರ್ಜ್ ಫ್ಲಾಯ್ಡ್ ಕೊಲೆ ಆದ ಮೇಲೆ, ಜನಾಂಗಭೇದ ಒಂದು ಸಾರ್ವಜನಿಕ ಆರೋಗ್ಯದ ಸಮಸ್ಯೆ ಅಂತ ಒಂದು ಸಂಶೋಧನಾ ಸಂಸ್ಥೆ ಹೇಳಿತು. ಕ್ರಾಸ್‌ಫಿಟ್ ಕಟ್ಟಿದ ಗ್ರೆಗ್ ಗ್ಲಾಸ್‌ಮನ್ ಅದಕ್ಕೆ ಫ್ಲಾಯ್ಡ್ ಹೆಸರನ್ನ ಕೋವಿಡ್ ಜೊತೆ ಸೇರಿಸಿ ಕುಹಕ ಮಾಡಿದ. ಗಲಾಟೆಯಾಗಿ ಕೆಲವೇ ದಿನಗಳಲ್ಲಿ ಅವನು ಕುರ್ಚಿ ಬಿಡಬೇಕಾಯ್ತು. ನನಗೆ ಆಶ್ಚರ್ಯ ಆಗಲಿಲ್ಲ. ಆರೋಗ್ಯ ಅಂದ್ರೆ ಬರೀ ನಿನ್ನ ಶಿಸ್ತು, ನಿನ್ನ ಛಲ ಅಂತ ನಂಬಿದವರಿಗೆ, ಕೆಲವರ ಉಸಿರನ್ನ ಬೇರೆಯವರ ಮಂಡಿ ಅದುಮಿರುತ್ತೆ ಅನ್ನೋದು ಕಾಣೋದಿಲ್ಲ. ಇಲ್ಲೂ ಅದೇ ಕತೆ. ನಿನಗೆ ಸಿಕ್ಸ್ ಪ್ಯಾಕ್ ಬಂದಿಲ್ಲ ಅಂದ್ರೆ ನೀನು ಸೋಮಾರಿ. ಮೆರಿಟ್ ಇಲ್ಲ ಅಂತ ನಮಗೆ ಹೇಳ್ತಾರಲ್ಲ, ಅದೇ ಮಾತು.

ಅದರಲ್ಲಿ 'ಫಾರ್ಮರ್ಸ್ ವಾಕ್' ಅಂತ ಒಂದು ವ್ಯಾಯಾಮ. ಎರಡು ಕೈಯಲ್ಲಿ ಭಾರ ಹಿಡಿದು ನಡೆಯೋದು. ಇನ್ನೊಂದು ಟೈರಿಗೆ ಸುತ್ತಿಗೆಯಿಂದ ಹೊಡೆಯೋದು. ಮತ್ತೊಂದು ಮರಳು ಚೀಲ ಹೊರೋದು. ನನ್ನಪ್ಪ ತಾಲ್ಲೂಕಿನ ಮಂಡಿಯಲ್ಲಿ ಹಮಾಲಿ. ಒಂದು ಕೈಯಲ್ಲಿ ಕೊಂಡಿ, ತಲೆ ಮೇಲೆ ಮಡಚಿದ ಗೋಣಿ, ಅದರ ಮೇಲೆ ಕ್ವಿಂಟಲ್ ಚೀಲ. ಮೂವತ್ತು ವರ್ಷ ಹೊತ್ತ. ಅವನಿಗೆ ಸಿಕ್ಸ್ ಪ್ಯಾಕ್ ಇತ್ತು, ಹೌದು. 50 ದಾಟೋ ಹೊತ್ತಿಗೆ ಕತ್ತು ತಿರುಗ್ತಿರಲಿಲ್ಲ, ಮಂಡಿ ಮಡಚ್ತಿರಲಿಲ್ಲ. 58ಕ್ಕೆ ಹೋದ.

ಜಿಮ್ಮಲ್ಲಿ ಎತ್ತೋ ಭಾರಕ್ಕೂ ಅಪ್ಪ ಹೊತ್ತ ಭಾರಕ್ಕೂ ವ್ಯತ್ಯಾಸ ಇಷ್ಟೇ. ಜಿಮ್ಮಲ್ಲಿ ನೀನು ಬೇಕಾದಾಗ ಕೆಳಗೆ ಇಡಬಹುದು. ಸ್ನಾಯು ಬೆಳೆಯೋದು ಎತ್ತುವಾಗ ಅಲ್ಲ, ಇಟ್ಟ ಮೇಲೆ, ಉಂಡು ಮಲಗಿದಾಗ. ಅಪ್ಪನಿಗೆ ಆ ವಿಶ್ರಾಂತಿ ಯಾರೂ ಕೊಡಲಿಲ್ಲ. ಅಳಿಯನಿಗೂ ಇಲ್ಲ.

ವಿಶ್ರಾಂತಿ ಕೂಡ ಯಾರೋ ಹೋರಾಡಿ ಕೊಡಿಸಿದ್ದು. ವೈಸರಾಯ್ ಕೌನ್ಸಿಲ್‌ನಲ್ಲಿ ಕಾರ್ಮಿಕ ಖಾತೆ ನೋಡ್ತಿದ್ದಾಗ ಬಾಬಾಸಾಹೇಬರು ಕಾರ್ಖಾನೆ ಕೆಲಸದ ಅವಧಿ ಕಡಿಮೆ ಮಾಡೋಕೆ ದುಡಿದರು. 1946ರ ತಿದ್ದುಪಡಿಯಲ್ಲಿ ವಾರಕ್ಕೆ 54 ಗಂಟೆ ಇದ್ದದ್ದು 48ಕ್ಕೆ ಇಳಿಯಿತು. 2023ರಲ್ಲಿ ನಮ್ಮ ಕರ್ನಾಟಕ ಕಾಯ್ದೆ ತಿದ್ದಿ, ವಾರದ 48 ಗಂಟೆ ಹಾಗೇ ಇಟ್ಟು, ದಿನಕ್ಕೆ 12 ಗಂಟೆ ದುಡಿಸೋಕೆ ದಾರಿ ತೆರೆಯಿತು. ಒಪ್ಪಿಗೆ ಬರೆಸ್ಕೊಂಡೇ ಮಾಡ್ತಾರಂತೆ. ಕೆಲಸ ಕೊಡೋನು ಕಾಗದ ಮುಂದಿಟ್ಟರೆ ನಮ್ಮ ಹುಡುಗರು ಒಪ್ಪದೆ ಏನು ಮಾಡ್ತಾರೆ? ಫಿಟ್‌ನೆಸ್ ಬಗ್ಗೆ ಮಾತಾಡೋರು ಇದರ ಬಗ್ಗೆ ಒಂದು ರೀಲು ಮಾಡಿದ್ದನ್ನ ನಾನು ನೋಡಿಲ್ಲ.

*ಪ್ರಶ್ನೆ 5: ಹಾಗಾದ್ರೆ ಜಿಮ್ ಬಿಡಬೇಕಾ? ಏನು ತಿನ್ನಬೇಕು?*

ಬಿಡಬೇಡ್ರಪ್ಪ. ನಮ್ಮೂರಿನ ಗರಡಿ ಮನೆ ಹೊಸ್ತಿಲು ಅಪ್ಪ ದಾಟಿರಲಿಲ್ಲ. ಆ ಮಣ್ಣು ಅವನಿಗೆ ಮೈಲಿಗೆ ಆಗ್ತಿರಲಿಲ್ಲ, ಅವನಿಂದ ಮಣ್ಣಿಗೆ ಮೈಲಿಗೆ ಆಗ್ತಿತ್ತಂತೆ. ಇವತ್ತು ನಮ್ಮ ಹುಡುಗ ಹುಡುಗಿ ಕನ್ನಡಿ ಮುಂದೆ ನಿಂತು ತನ್ನ ಮೈ ನೋಡಿ ಖುಷಿ ಪಡೋದು ಸಣ್ಣ ವಿಷಯ ಅಲ್ಲ. ದುಡಿಯೋಕೆ ಮಾತ್ರ ಅಂತ ಕೊಟ್ಟಿದ್ದ ಮೈಯನ್ನ ನಮ್ಮ ಸಂತೋಷಕ್ಕೆ ಬಳಸೋದು ನಮ್ಮ ಹಕ್ಕು. ಹಾಗಾಗಿ ಕೆಲವು ಮಾತು ನೆನಪಿಡಿ:

– ಮೈ ದಣಿಯೋ ಕೆಲಸದವರು ವಾರಕ್ಕೆ ಎರಡು ದಿನ ಮಾತ್ರ ಭಾರಿ ವ್ಯಾಯಾಮ ಮಾಡಿ. ಹೊಸಬರು ಮೊದಲ ತಿಂಗಳು ಅರ್ಧಕ್ಕೇ ನಿಲ್ಲಿಸಿ. 'ಇನ್ನೊಂದು, ಇನ್ನೊಂದು' ಅಂತ ಯಾರು ಕೂಗಿದ್ರೂ ಇಳಿಸಿಬಿಡಿ.
– ತೊಡೆ, ತೋಳು ವಿಪರೀತ ಊದಿ, ಮೂತ್ರ ಕಂದು ಬಣ್ಣಕ್ಕೆ ಬಂದ್ರೆ ಅವತ್ತೇ ಆಸ್ಪತ್ರೆ. ಮನೆಯಲ್ಲಿ ನೋವಿನ ಮಾತ್ರೆ ನುಂಗಿ ಮಲಗಬೇಡಿ.
– ಮುದ್ದೆ ಬಿಡಬೇಡಿ. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗೂ ಹೆಚ್ಚು ಕ್ಯಾಲ್ಸಿಯಂ ಇದೆ. ಜೊತೆಗೆ ಹುರುಳಿ ಸಾರು, ಸೊಪ್ಪು, ಮೇಲೆ ಅರ್ಧ ನಿಂಬೆಹಣ್ಣು ಹಿಂಡಿ. ಕಬ್ಬಿಣಾಂಶ ಚೆನ್ನಾಗಿ ಹತ್ತುತ್ತೆ.
– ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ ಪ್ರೋಟೀನ್. ಡಬ್ಬದ ಪುಡಿಗೆ ಸಾವಿರಾರು ರೂಪಾಯಿ ಸುರಿಯೋ ಮುಂಚೆ ಮೊಟ್ಟೆ, ಕಡಲೆಕಾಯಿ, ಒಣಮೀನು ನೋಡಿ.
– ಮೂಳೆ ಸಾರು ರುಚಿಗೆ ಕುಡೀರಿ, ಪವಾಡಕ್ಕಲ್ಲ. ಅದರ ಪ್ರೋಟೀನ್ ಬಹುಪಾಲು ಜೆಲಟಿನ್. ಅದೊಂದರಿಂದಲೇ ಮೈ ಕಟ್ಟೋಕಾಗಲ್ಲ. ಕಬ್ಬಿಣಾಂಶ ಬೇಕಿದ್ದೋರು ಈಲಿ ತಿನ್ನಿ, ಚೆನ್ನಾಗಿ ಬೇಯಿಸಿ. ಮನೆ ಹೆಂಗಸರ ತಟ್ಟೆಗೆ ಮೊದಲು ಹಾಕಿ.

ಇವು ನಾವು ಮಾಡಬಹುದಾದದ್ದು. ಸರ್ಕಾರ ಮಾಡಬೇಕಾದದ್ದು ಬೇರೆ. 2021ರ ಡಿಸೆಂಬರಿನಲ್ಲಿ ಕಲ್ಯಾಣ ಕರ್ನಾಟಕದ ಶಾಲೆಗಳಲ್ಲಿ ಮೊಟ್ಟೆ ಕೊಡೋಕೆ ಶುರು ಮಾಡಿದಾಗ ಕೆಲವು ಮಠಾಧೀಶರು ಬೀದಿಗೆ ಇಳಿಯೋ ಮಾತಾಡಿದರು. ಆಗ ಮಠಕ್ಕೆ ಬಂದು ನಾವೇ ಮೊಟ್ಟೆ ತಿಂತೀವಿ ಅಂತ ನಮಗಿಂತ ಗಟ್ಟಿಯಾಗಿ ಮಾತಾಡಿದ್ದು ಕೊಪ್ಪಳದ ಶಾಲೆ ಹೆಣ್ಣುಮಗು. ಆ ಮಗುವಿನ ಧೈರ್ಯ ನಮಗೆ ಬೇಕು. ಮೊಟ್ಟೆ ಎಲ್ಲ ಮಕ್ಕಳಿಗೂ ತಪ್ಪದೆ ಸಿಗಬೇಕು. ಪಡಿತರದಲ್ಲಿ ಅಕ್ಕಿ ಜೊತೆ ಬೇಳೆ, ಎಣ್ಣೆ ಬೇಕು. 2020ರ ಕಾಯ್ದೆ ವಾಪಸ್ಸಾಗಬೇಕು. ದಿನಕ್ಕೆ 8 ಗಂಟೆ ಮೇಲೆ ದುಡಿಸಬಾರದು. ಗೋದಾಮಿನಲ್ಲಿ ನೀರು, ಗಾಳಿ, ಕೂರೋಕೆ ಜಾಗ ಇರಬೇಕು. ನಮ್ಮ ಫಿಟ್‌ನೆಸ್ ಚಾರ್ಟ್ ಇದು.

ಅಳಿಯ ಈಗ ಊರಲ್ಲಿದ್ದಾನೆ. ಡಾಕ್ಟರ್ ಆರು ವಾರ ಭಾರ ಎತ್ತಬೇಡ ಅಂದಿದ್ದಾರೆ. ಆರು ವಾರ ಸಂಬಳ ಇಲ್ಲ. ಮೊನ್ನೆ ಹೋಗಿದ್ದೆ. ಅಕ್ಕ ತಟ್ಟೆಗೆ ಎರಡನೇ ಮುದ್ದೆ ಇಟ್ಟು ಎದುರಿಗೇ ಕೂತಿದ್ದಳು, ಎದ್ದು ಹೋಗೋಕೆ ಬಿಡಲಿಲ್ಲ. ಅವನು ನನ್ನ ಕಡೆ ತಿರುಗಿ, "ಮಾವ, ವಾಸಿಯಾದ್ಮೇಲೆ ಮತ್ತೆ ಜಿಮ್ಮಿಗೆ ಹೋಗ್ಬೋದಾ?" ಅಂದ.

ಹೋಗು ಮಗ ಅಂದೆ. ಆದ್ರೆ ಉಂಡು ಹೋಗು.

ಜೈ ಭೀಮ್.

(ಇಂಥದ್ದೇ ಆಗಿರೋ ಹುಡುಗರು ನಿಮ್ಮ ಕಡೆಯೂ ಇದ್ದರೆ ಇನ್‌ಬಾಕ್ಸಿನಲ್ಲಿ ಬರೆಯಿರಿ. ಹೆಸರು ಹಾಕೋದಿಲ್ಲ. ನಮ್ಮ ಯುವಕರ ಗುಂಪುಗಳಿಗೆ ಶೇರ್ ಮಾಡಿ.)